ಹನ್ನೆರಡನೆಯ ಹೆಸರು

ರೊಯೆಕ್ ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದ ಬೆಳಿಗ್ಗೆ ನಾನು ಅಲ್ಲೇ ನಿಂತಿದ್ದೆ. ಅವರದು ಹನ್ನೆರಡನೆಯ ನಂಬರು, ನನ್ನದು ಹದಿಮೂರು. ನಾನು ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಮೂವತ್ತು ವರ್ಷದ ಮೇಲಾಯಿತು. ನನ್ನ ಗಂಡನಿಗೂ ಇದನ್ನು ಅರ್ಧವೇ ಹೇಳಿದ್ದೇನೆ. ಪೂರ್ತಿ ಹೇಳುತ್ತಿರುವುದು ಈಗಲೇ.

1989ರ ಅಕ್ಟೋಬರ್. ನಮ್ಮ ವೂಚ್ ಬಟ್ಟೆ ಗಿರಣಿಗಳ ಊರು. ಅರ್ಧ ಪೋಲೆಂಡ್ ಮಲಗುತ್ತಿದ್ದದ್ದು ನಾವು ನೇಯ್ದ ಚಾದರದ ಮೇಲೆ. ಆದರೆ ಆ ಚಾದರ ಒಗೆಯುವ ಯಂತ್ರ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ನಮ್ಮ ಬೀದಿಯ ಸರ್ಕಾರಿ ಅಂಗಡಿಗೆ ಮೂರು ತಿಂಗಳಿಗೊಮ್ಮೆಯೋ ನಾಲ್ಕು ತಿಂಗಳಿಗೊಮ್ಮೆಯೋ ಒಂದು ಲಾರಿ ಬರುತ್ತಿತ್ತು. ಬಂದರೆ ಎಂಟು ಯಂತ್ರ, ಹತ್ತು ಯಂತ್ರ. ಯಾವತ್ತು ಬರುತ್ತದೆಂದು ಅಂಗಡಿಯವರಿಗೂ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಜನರೇ ಒಂದು ಪಟ್ಟಿ ಮಾಡಿಕೊಂಡಿದ್ದರು. ಬೆಳಿಗ್ಗೆ ಆರಕ್ಕೆ ಒಂದು ಹಾಜರಿ, ಸಂಜೆ ಆರಕ್ಕೆ ಒಂದು. ಸತತ ಎರಡು ಹಾಜರಿ ತಪ್ಪಿಸಿದವರ ಹೆಸರಿಗೆ ಗೀಟು ಬೀಳುತ್ತಿತ್ತು. ಈ ನಿಯಮ ಮಾಡಿದ್ದು ಸರ್ಕಾರವಲ್ಲ, ಅಂಗಡಿಯೂ ಅಲ್ಲ, ನಾವೇ.

ಪಟ್ಟಿ ಇರುತ್ತಿದ್ದದ್ದು ಬ್ರೊನ್ಯಾ ಕುಲೆಶಾ ಅವರ ಕೈಯಲ್ಲಿ. ಅರವತ್ತಮೂರು ವರ್ಷದ ವಿಧವೆ, ನಮ್ಮ ಕಟ್ಟಡದಲ್ಲೇ ಮೂರನೆಯ ಮಹಡಿಯ ಒಂಟಿ ಕೋಣೆಯಲ್ಲಿದ್ದರು. ಮೂವತ್ತೆಂಟು ವರ್ಷ ಮಗ್ಗಗಳ ನಡುವೆ ದುಡಿದು ಕಿವಿ ಅರ್ಧ ಮಂದವಾಗಿತ್ತು. ಅದಕ್ಕೇ ಹೆಸರು ಕರೆಯುವಾಗ ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗುತ್ತಿದ್ದರು. ಅವರಿಗೆ ಯಂತ್ರ ಬೇಕಾಗಿರಲಿಲ್ಲ. "ನಂದು ಎರಡು ಚಾದರ, ನಾಲ್ಕು ಅಂಗಿ. ಅದಕ್ಕೊಂದು ಮೆಷಿನ್ನಾ?" ಎನ್ನುತ್ತಿದ್ದರು. ಅವರಿಗಿಂತ ಮೊದಲು ಪಟ್ಟಿ ಇಟ್ಟುಕೊಂಡಿದ್ದವನು ಕಾಫಿಪುಡಿ ಪೊಟ್ಟಣ ತೆಗೆದುಕೊಂಡು ಮುಂದಿನ ನಂಬರು ಮಾರುತ್ತಾ ಸಿಕ್ಕಿಬಿದ್ದಿದ್ದ. ಆಮೇಲೆ ಜನ ಬ್ರೊನ್ಯಾ ಅವರ ಮನೆಗೇ ಹೋಗಿ ಪಟ್ಟಿಯ ಪುಸ್ತಕ ಕೊಟ್ಟು ಬಂದರು. ಆಕೆ ಅದನ್ನು ಕೈಗೆತ್ತಿಕೊಂಡ ಮೊದಲ ತಿಂಗಳಲ್ಲೇ, ಒಂದು ಹಾಜರಿ ತಪ್ಪಿಸಿ ಮುಂದಿನದಕ್ಕೆ ಏಳು ನಿಮಿಷ ತಡವಾಗಿ ಬಂದಳೆಂದು ಸ್ವಂತ ತಂಗಿಯ ಮಗಳ ಹೆಸರಿಗೆ ಗೀಟೆಳೆದರು. ತಂಗಿ ಮಾತು ಬಿಟ್ಟಳು. ನಮಗೆಲ್ಲ ಅದರಿಂದ ಎಷ್ಟು ನೆಮ್ಮದಿಯಾಯಿತೆಂದರೆ, ಹೇಳಲು ನಾಚಿಕೆಯಾಗುತ್ತದೆ.

ಬೆಳಿಗ್ಗೆ ಆರಕ್ಕೆ ಇನ್ನೂ ಕತ್ತಲೆ. ಕಾಲು ಕುಟ್ಟುತ್ತಾ, ಕೈ ಉಜ್ಜುತ್ತಾ ನಿಲ್ಲುತ್ತಿದ್ದೆವು.

"ಮೆಷಿನ್ ಬಂದ ದಿನ ಸೋಪಿನಪುಡಿ ಇರಲ್ಲ, ನೋಡ್ತಿರಿ," ಎಂದು ಯಾರೋ ಶುರು ಮಾಡುತ್ತಿದ್ದರು.

"ಸೋಪಿನಪುಡಿ ಬಂದ ದಿನ ನಲ್ಲೀಲಿ ನೀರಿರಲ್ಲ."

"ನೀರು ಬರೋ ಹೊತ್ತಿಗೆ ನಾವೇ ಇರಲ್ಲ, ಬಿಡ್ರಿ."

"ನೀವು ಹೋದ್ರೂ ನಂಬರು ಬಿಟ್ಟುಕೊಡಲ್ಲ ಬ್ರೊನ್ಯಾ ಅವ್ರು. ಸ್ಮಶಾನಕ್ಕೇ ಬಂದು ಹಾಜರಿ ಕೂಗ್ತಾರೆ."

ಬ್ರೊನ್ಯಾ ನಗುತ್ತಿರಲಿಲ್ಲ. "ಎಂಟು! ಒಂಬತ್ತು! ಏನಪ್ಪಾ ಒಂಬತ್ತು, ನಾಲಿಗೆ ಹೆಪ್ಪುಗಟ್ತಾ?"

ಹನ್ನೆರಡನೆಯ ನಂಬರಿನ ರೊಯೆಕ್ ಟ್ರಾಮ್ ಓಡಿಸುತ್ತಿದ್ದರು. ಐವತ್ತೈದರ ಆಸುಪಾಸು, ಮಾತು ಕಡಿಮೆ. ಅವರ ಹೆಂಡತಿ ಅಪೊಲೋನ್ಯಾ ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಹಾಸಿಗೆಯಲ್ಲೇ ಎಲ್ಲ. ದಿನಕ್ಕೆ ಎರಡು ಮೂರು ಚಾದರ ಒಗೆಯಬೇಕು. ಪಾಳಿಯಲ್ಲಿದ್ದು ಇಳಿದು ಬರಲಾಗದ ದಿನಗಳಲ್ಲಿ ರೊಯೆಕ್ ಅಂಗಡಿಯ ಎದುರು ಟ್ರಾಮನ್ನು ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಹಾಕಿ, "ಹನ್ನೆರಡು! ಇದೀನಿ!" ಎಂದು ಕೂಗಿ ಗಂಟೆ ಬಾರಿಸಿ ಹೋಗುತ್ತಿದ್ದರು. ಮೊದಲ ಸಲ ಹಾಗೆ ಮಾಡಿದಾಗ ಎಲ್ಲರೂ ಬ್ರೊನ್ಯಾ ಕಡೆ ನೋಡಿದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಕಾಲು ನೆಲದ ಮೇಲಿಲ್ಲ. ಆದ್ರೂ ಆಳು ಬಂದಿದಾನೆ, ದನಿ ಬಂದಿದೆ. ಹಾಜರು," ಎಂದು ತೀರ್ಪು ಕೊಟ್ಟರು. ಹದಿನಾಲ್ಕು ತಿಂಗಳು ಅವರು ಒಂದೇ ಒಂದು ಸಲವೂ ತಪ್ಪಿಸಿರಲಿಲ್ಲ.

ಆ ಶುಕ್ರವಾರ ಸಂಜೆ "ಹನ್ನೆರಡು!" ಎಂದು ಕರೆದಾಗ ಉತ್ತರ ಬರಲಿಲ್ಲ. ಶನಿವಾರ ಬೆಳಿಗ್ಗೆಯೂ ಬರಲಿಲ್ಲ. ಬ್ರೊನ್ಯಾ ಮೂರು ಸಲ ಕರೆದರು. ಬೀದಿಯ ಎರಡೂ ಕಡೆ ನೋಡಿದರು. ಟ್ರಾಮ್ ಒಂದು ಹೋಯಿತು, ಅದರಲ್ಲಿ ಬೇರೆ ಯಾರೋ ಇದ್ದರು. ಪಟ್ಟಿಯನ್ನು ಕೊನೆಯವರೆಗೂ ಕರೆದು ಮುಗಿಸಿ, ಮತ್ತೆ ಹಿಂದಕ್ಕೆ ಬಂದು ಪೆನ್ನು ತೆಗೆದರು. ಅಷ್ಟರಲ್ಲಿ ರೊಯೆಕ್ ಓಡಿ ಬಂದರು. ಮೇಲಂಗಿಯ ಗುಂಡಿ ಹಾಕಿರಲಿಲ್ಲ.

"ಅಪೊಲೋನ್ಯಾಗೆ ಮತ್ತೆ ಲಕ್ವ ಹೊಡೀತು," ಎಂದರು. "ನಿನ್ನೆ ಮಧ್ಯಾಹ್ನದಿಂದ ಆಸ್ಪತ್ರೆ ವರಾಂಡದಲ್ಲಿದೀನಿ. ಈಗ ಕಣ್ಣು ಬಿಟ್ಲು. ಬಿಟ್ಟ ತಕ್ಷಣ ಓಡಿ ಬಂದೆ."

"ಆರೂಕಾಲು," ಎಂದರು ಬ್ರೊನ್ಯಾ. "ಹಾಜರಿ ಮುಗೀತು."

"ಕಾಲು ಗಂಟೆ, ಬ್ರೊನ್ಯಾ ಅವ್ರೇ."

"ನನ್ನ ತಂಗಿ ಮಗಳದು ಏಳು ನಿಮಿಷ."

ಹಿಂದಿನಿಂದ ಒಬ್ಬಾಕೆ, "ಅಯ್ಯೋ, ಹೋಗ್ಲಿ ಬಿಡಿ ಪಾಪ, ಹೆಂಡ್ತಿ ಆಸ್ಪತ್ರೇಲಿದಾರೆ," ಎಂದಳು. ಇಪ್ಪತ್ತನೆಯ ನಂಬರಿನವನಿಗೆ ಸಿಟ್ಟು ಬಂತು. "ನಮ್ಮವಳು ಹೆರಿಗೆಗೆ ಹೋದಾಗ ನನ್ನ ಹೆಸರು ಹೊಡೆದು ಮತ್ತೆ ಕೊನೇಲಿ ಬರೆದ್ರಲ್ಲ, ಆವತ್ತು ಯಾರಿಗಾದ್ರೂ 'ಪಾಪ' ಅನ್ನೋ ಮಾತು ನೆನಪಾಯ್ತಾ?"

ಬ್ರೊನ್ಯಾ ಪೆನ್ನನ್ನು ಮೇಲಕ್ಕೆತ್ತಿ ಹಿಡಿದು ಕೇಳಿದರು: "ಇವರ ಹಿಂದಿನೋರು ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಈಗ ಹೇಳಿ. ಆಮೇಲೆ ಹೇಳ್ಬೇಡಿ."

ರೊಯೆಕ್ ನನ್ನನ್ನು ನೋಡಿದರು. ಬೇರೆ ಯಾರನ್ನೂ ನೋಡಲಿಲ್ಲ, ಅವರ ಹಿಂದಿನವಳು ನಾನೇ ತಾನೇ. ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಮನೆಯಲ್ಲಿ ಏಳು ತಿಂಗಳ ಅವಳಿ ಹೆಣ್ಣುಮಕ್ಕಳು. ದಿನಕ್ಕೆ ನಲವತ್ತು ಲಂಗೋಟಿ ಕುದಿಸಿ ಒಗೆದು ನನ್ನ ಬೆರಳಿನ ಸಂದುಗಳಲ್ಲಿ ರಕ್ತ ಬರುತ್ತಿತ್ತು. ಮುಂದಿನ ಲಾರಿಯಲ್ಲಿ ಹನ್ನೆರಡು ಯಂತ್ರ ಬರುತ್ತದೆಂದು ಹಿಂದಿನ ದಿನವಷ್ಟೇ ಅಂಗಡಿಯವರು ಪಿಸುಗುಟ್ಟಿದ್ದರು. ಹದಿಮೂರಲ್ಲ, ಹನ್ನೆರಡು. ನಾನು ನನ್ನ ಬೂಟು ನೋಡಿಕೊಂಡೆ. ಎಡಗಾಲಿನ ಬೂಟಿನ ದಾರ ಬಿಚ್ಚಿತ್ತು. ಅದನ್ನು ಕಟ್ಟಲು ಬಗ್ಗಿದೆ. ಕಟ್ಟಿ ಏಳುವಷ್ಟರಲ್ಲಿ ಗೀಟು ಬಿದ್ದಿತ್ತು.

ರೊಯೆಕ್ ಜಗಳ ಆಡಲಿಲ್ಲ. ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಕೊನೇ ನಂಬರು ಎಷ್ಟು?"

"ತೊಂಬತ್ತಮೂರು."

"ಹಾಗಾದ್ರೆ ತೊಂಬತ್ತನಾಲ್ಕಕ್ಕೆ ಬರ್ಕೊಳ್ಳಿ."

ಬ್ರೊನ್ಯಾ ಬರೆದುಕೊಂಡರು. ನಾನು ಆ ಕಡೆ ನೋಡಲೇ ಇಲ್ಲ.

ನವೆಂಬರ್ ಮೂರನೆಯ ವಾರ ಲಾರಿ ಬಂತು. ಪಿಸುಮಾತು ನಿಜವಾಗಿತ್ತು, ಹನ್ನೆರಡೇ ಯಂತ್ರ. ಕೊನೆಯದು ನನ್ನದಾಯಿತು. ಅದನ್ನು ಎರಡನೆಯ ಮಹಡಿಗೆ ಹೊರಲು ನನ್ನ ಗಂಡ ಜೆನೊನ್ ಇಬ್ಬರು ಗೆಳೆಯರನ್ನು ಕರೆದಿದ್ದ. ಮೆಟ್ಟಿಲು ಕಡಿದು, ತಿರುವು ಬೇರೆ. ಒಂದು ಮೂಲೆ ಹಿಡಿಯಲು ಆಳು ಸಾಲಲಿಲ್ಲ. ತೊಂಬತ್ತನಾಲ್ಕರಿಂದ ಎಂಬತ್ತೆರಡಕ್ಕೆ ಬಂದಿದ್ದ ರೊಯೆಕ್ ಆ ಸಂಜೆಯ ಹಾಜರಿಗೆಂದು ಬೀದಿಯಲ್ಲೇ ಇದ್ದರು. "ಬಿಡಿ, ನಾನು ಹಿಡ್ಕೋತೀನಿ," ಎಂದು ಮೇಲಂಗಿ ಕಳಚಿ ನನ್ನ ಕೈಗೆ ಕೊಟ್ಟರು. ನಾನು ಆ ಮೇಲಂಗಿ ಹಿಡಿದುಕೊಂಡು ಅವರ ಹಿಂದೆ ಮೆಟ್ಟಿಲು ಹತ್ತಿದೆ. ತಿರುವಿನಲ್ಲಿ ಭಾರವೆಲ್ಲ ಅವರ ಭುಜದ ಮೇಲೆ ಬಿತ್ತು. ಜೆನೊನ್ ಅವರಿಗೆ ಒಂದು ಲೋಟ ವೋಡ್ಕಾ ಕೊಡಹೋದ. "ಪಾಳಿ ಇದೆ," ಎಂದು ಹೇಳಿ ಮೇಲಂಗಿ ತೆಗೆದುಕೊಂಡು ಇಳಿದುಹೋದರು.

ಆ ಯಂತ್ರದ ಮೊದಲ ಸುತ್ತಿನ ಸದ್ದಿಗೆ ನಮ್ಮ ಮಕ್ಕಳು ನಿದ್ದೆ ಹೋದವು. ಜೆನೊನ್ ಖುಷಿಯಿಂದ ನನ್ನನ್ನು ಎತ್ತಿ ತಿರುಗಿಸಿದ. ನಾನು ಅಳುತ್ತಿದ್ದೆ. ಅವನು ಸಂತೋಷಕ್ಕೆಂದುಕೊಂಡ.

ಜನವರಿ ಒಂದರಿಂದ ಎಲ್ಲ ತಲೆಕೆಳಗಾಯಿತು. ಕಮ್ಯುನಿಸ್ಟರ ನಂತರ ಬಂದ ಹೊಸ ಸರ್ಕಾರ ಬೆಲೆಗಳಿಗೆ ಕಟ್ಟಿದ್ದ ಹಗ್ಗ ಬಿಚ್ಚಿಬಿಟ್ಟಿತ್ತು. ಬ್ರೆಡ್ಡಿನ ಬೆಲೆ ಬೆಳಿಗ್ಗೆ ಒಂದು, ಸಂಜೆ ಒಂದು. ಎರಡು ವಾರ ಅಂಗಡಿಗಳು ಖಾಲಿ ಹೊಡೆದವು. ಮೂರನೆಯ ವಾರ, ನೆಲದಡಿಯಿಂದ ಎದ್ದು ಬಂದ ಹಾಗೆ, ಎಲ್ಲ ಪದಾರ್ಥವೂ ಎಲ್ಲ ಕಡೆಯೂ ಕಾಣಿಸಿತು. ಹ್ಯಾಮ್, ಕಿತ್ತಳೆ, ಬಾಳೆಹಣ್ಣು, ಬಣ್ಣಬಣ್ಣದ ಶಾಂಪೂ. ಪಾದಚಾರಿ ದಾರಿಯ ತುಂಬ ಜನ ಮಡಚುವ ಮಂಚ ಹಾಕಿಕೊಂಡು ಮಾರಲು ಕೂತರು: ಬರ್ಲಿನ್‌ನಿಂದ ತಂದ ಕಾಫಿ, ಇಸ್ತಾಂಬುಲ್‌ನಿಂದ ತಂದ ಜೀನ್ಸ್, ಅತ್ತೆಯ ಬೆಳ್ಳಿ ಚಮಚ. ನಮ್ಮ ಅಂಗಡಿಯ ಗಾಜಿನೊಳಗೆ ಬಟ್ಟೆ ಒಗೆಯುವ ಏಳು ಬಿಳಿ ಯಂತ್ರಗಳು ಸಾಲಾಗಿ ನಿಂತವು. ಹೊರಗೆ ಒಬ್ಬರೂ ಇಲ್ಲ. ಒಂದರ ಬೆಲೆ ನನ್ನ ಒಂಬತ್ತು ತಿಂಗಳ ಸಂಬಳದಷ್ಟಾಗಿತ್ತು.

ಬ್ರೊನ್ಯಾ ಮಾತ್ರ ಬೆಳಿಗ್ಗೆ ಆರಕ್ಕೆ ಪುಸ್ತಕ ಹಿಡಿದು ಬರುವುದನ್ನು ನಿಲ್ಲಿಸಲಿಲ್ಲ. ಮೊದಲ ವಾರ ನಲವತ್ತು ಜನ ಬಂದರಂತೆ, ಆಮೇಲೆ ಹನ್ನೊಂದು, ಆಮೇಲೆ ಮೂರು. ನಾನು ಗಿರಣಿಗೆ ಹೋಗುವ ಟ್ರಾಮಿನಿಂದ ನೋಡುತ್ತಿದ್ದೆ. ಒಂದು ದಿನ ಅಲ್ಲಿ ಇಬ್ಬರೇ ಇದ್ದರು, ಬ್ರೊನ್ಯಾ ಮತ್ತು ರೊಯೆಕ್. ಬ್ರೊನ್ಯಾ ಬಾಯಿ ತೆರೆದು ಒಂದೊಂದೇ ನಂಬರು ಕೂಗುತ್ತಿದ್ದರು. ರೊಯೆಕ್ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಮ್ಮ ನಂಬರಿಗಾಗಿ ಕಾಯುತ್ತಿದ್ದರು.

ಅಂಗಡಿಯ ವ್ಯವಸ್ಥಾಪಕಿ ಇರ್ಮಿನಾ ಒಳ್ಳೆಯ ಹೆಂಗಸು. ಆಮೇಲೊಮ್ಮೆ ನನಗೆ ಅವಳೇ ಹೇಳಿದ್ದು: ಒಂದು ಬೆಳಿಗ್ಗೆ ಅವಳು ಬ್ರೊನ್ಯಾ ಅವರನ್ನು ಒಳಗೆ ಕರೆದು ಬಿಸಿ ಚಹಾ ಕೊಟ್ಟಳಂತೆ.

"ಅಮ್ಮಾ, ಇನ್ನು ಪಟ್ಟಿ ಬೇಡ. ಮನೇಲಿ ಬೆಚ್ಚಗಿರಿ. ಬೇಕಾದೋರು ಬರ್ತಾರೆ, ತಗೊಂಡು ಹೋಗ್ತಾರೆ."

"ಯಾರು ಮೊದಲು?"

"ದುಡ್ಡಿದ್ದೋರು ಮೊದಲು."

"ಅದ್ಯಾವ ಸೀಮೆ ಸರದಿ?"

"ಸರದಿನೇ ಇಲ್ಲ ಅಮ್ಮಾ. ಅದನ್ನೇ ಹೇಳ್ತಿರೋದು."

ಬ್ರೊನ್ಯಾ ಚಹಾ ಕುಡಿಯದೆ ಎದ್ದುಬಂದರಂತೆ.

ಫೆಬ್ರವರಿಯ ಮಧ್ಯದಲ್ಲಿ, ಮಕ್ಕಳ ಗಾಡಿ ತಳ್ಳಿಕೊಂಡು ಟ್ರಾಮ್ ಡಿಪೋದ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದೆ. ಒಂದು ಹೆಬ್ಬಾಗಿಲಿಗೆ ಕಪ್ಪು ಅಂಚಿನ ಕಾಗದ ಅಂಟಿಸಿದ್ದರು. 'ಅಪೊಲೋನ್ಯಾ ರೊಯೆಕ್, ವಯಸ್ಸು ಐವತ್ತನಾಲ್ಕು, ದೀರ್ಘ ಕಾಯಿಲೆಯ ಬಳಿಕ.' ಹೂಳಿ ನಾಲ್ಕು ದಿನವಾಗಿತ್ತು. ನಾನು ಗಾಡಿಯ ಹಿಡಿ ಬಿಟ್ಟು ಗೋಡೆಗೆ ಒರಗಿದೆ. ದೊಡ್ಡವಳು ಎದ್ದು ಅಳತೊಡಗಿದಳು, ಅವಳ ಜೊತೆಗೆ ಚಿಕ್ಕವಳೂ ಸುರುಮಾಡಿದಳು.

ಅಲ್ಲಿಂದ ನೇರ ಬ್ರೊನ್ಯಾ ಅವರ ಕೋಣೆಗೆ ಹತ್ತಿ ಹೋಗಿ ಸುದ್ದಿ ಹೇಳಿದೆ. ಆಕೆ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ನಿಲ್ಲಿಸಲಿಲ್ಲ.

"ಎರಡು ಹಾಜರಿ ತಪ್ಪಿತ್ತು," ಎಂದರು.

"ಹೌದು."

"ನಾನು ಮಾಡಿದ್ದು ತಪ್ಪಲ್ಲ."

ನಾನು ಎರಡೂ ಕಂಕುಳಲ್ಲಿದ್ದ ಮಕ್ಕಳನ್ನು ನೆಲದ ಮೇಲೆ ಕೂರಿಸಿದೆ.

"ತಪ್ಪಲ್ಲ ಕಣೇ ಲುತ್ಸಿನಾ. ಅವರಿಗೊಂದು, ಇವರಿಗೊಂದು ಅಂತ ಮಾಡಿದ್ರೆ ಆ ಪಟ್ಟಿ ಪಟ್ಟಿಯಾಗಿ ಉಳೀತಿತ್ತಾ?" ಕತ್ತಿ ಅವರ ಹೆಬ್ಬೆರಳಿಗೆ ತಾಗಿತು. ನೋಡಿಕೊಳ್ಳಲೂ ಇಲ್ಲ. "ನೀನಾದ್ರೂ ಹೇಳು, ತಪ್ಪಾ?"

"ನೀವು ನಮ್ಮನ್ನ ಕೇಳಿದ್ರಿ. ನಾನು ಬಾಯಿ ಬಿಡಲಿಲ್ಲ," ಎಂದೆ.

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆವತ್ತಿನವರೆಗೆ ಆಕೆಗೆ ನಾನು ಬರೀ ಒಂದು ನಂಬರಾಗಿದ್ದೆನೋ ಏನೋ. "ನೀನು ಹೇಳಿದ್ರೆ ಬಿಡ್ತಿದ್ದೆ. ಹೇಳ್ಲಿ ಅಂತಾನೇ ಕೇಳಿದ್ದು," ಎಂದರು. ಮರುದಿನದಿಂದ ಆರು ಗಂಟೆಗೆ ಅಂಗಡಿಯ ಮುಂದೆ ಯಾರೂ ಇರಲಿಲ್ಲ.

ಎರಡು ವಾರ ಕಳೆದ ಮೇಲೆ, ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಬರುವಾಗ ಬ್ರೊನ್ಯಾ ನನ್ನ ತೋಳು ಹಿಡಿದರು. "ನಾನು ರೊಯೆಕ್ ಮನೆಗೆ ಹೋಗ್ತೀನಿ. ನೀನೂ ಬಾ. ಒಬ್ಬಳೇ ಹೋದ್ರೆ ಬಾಗಿಲಿಂದಲೇ ತಿರುಗಿ ಬಂದ್ಬಿಡ್ತೀನಿ."

ರೊಯೆಕ್ ಬಾಗಿಲು ತೆರೆದು, ನಮ್ಮಿಬ್ಬರನ್ನೂ ನೋಡಿ, ಪಕ್ಕಕ್ಕೆ ಸರಿದರು. ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯಲ್ಲಿ ತಗಡಿನ ತೊಟ್ಟಿ, ಉಜ್ಜುಹಲಗೆ. ಗೋಡೆಯಿಂದ ಗೋಡೆಗೆ ನಾಲ್ಕು ಸಾಲು ಹಗ್ಗ, ಒಂದರ ಮೇಲೂ ಬಟ್ಟೆಯಿರಲಿಲ್ಲ. ಕೋಣೆಯ ಮಂಚ ಬರಿದಾಗಿತ್ತು. ಅದರ ಬುಡದಲ್ಲಿ ಮುದುಡಿದ ಚಾದರಗಳ ಒಂದು ಗುಡ್ಡೆ. ಅವರು ಗಾಜಿನ ಲೋಟಗಳಲ್ಲಿ ಚಹಾ ತಂದಿಟ್ಟರು. ಲೋಟ ಇಡುವಾಗ ಅವರ ಕೈ ನೋಡಿದೆ. ಬೆರಳಿನ ಗೆಣ್ಣುಗಳೆಲ್ಲ ಸೀಳಿ ಕಪ್ಪಾಗಿದ್ದವು.

ಬ್ರೊನ್ಯಾ ಮೇಲಂಗಿ ತೆಗೆಯದೆ ನೆಟ್ಟಗೆ ಕೂತಿದ್ದರು. "ಕ್ಷಮೆ ಕೇಳೋಕೆ ಬಂದಿಲ್ಲ," ಎಂದು ಜೋರಾಗಿ, ಹಾಜರಿಯ ದನಿಯಲ್ಲಿ ಶುರು ಮಾಡಿದರು. "ಕೇಳಿದ್ರೆ ನಿಯಮಾನೇ ತಪ್ಪು ಅಂದ ಹಾಗಾಗುತ್ತೆ. ನಿಯಮ..." ಅಲ್ಲಿಗೆ ನಿಂತುಹೋಯಿತು.

"ನಿಯಮ ಸರೀನೇ ಇತ್ತು, ಬ್ರೊನ್ಯಾ ಅವ್ರೇ," ಎಂದರು ರೊಯೆಕ್. "ಅದೇ ತಾನೇ ಕಷ್ಟ ಆಗಿದ್ದು. ನೀವು ಲಂಚ ತಿಂದು ಹೊಡೆದುಹಾಕಿದ್ರೆ ನಿಮ್ಮ ಏಳು ತಲೆಮಾರಿಗೂ ಬೈದು ಹಗುರಾಗ್ತಿದ್ದೆ. ನೀವು ನ್ಯಾಯವಾಗಿ ಹೊಡೆದ್ರಿ. ನಾನು ಯಾರಿಗೆ ಬೈಲಿ?"

"ಮೆಷಿನ್ ಇದ್ದಿದ್ರೆ ಅವರು..." ಎಂದರು ಬ್ರೊನ್ಯಾ.

"ಇಲ್ಲ. ಅವಳು ಉಳೀತಿರ್ಲಿಲ್ಲ. ಡಾಕ್ಟ್ರು ಅಕ್ಟೋಬರಲ್ಲೇ ಹೇಳಿದ್ರು." ಬರಿದಾದ ಮಂಚದ ಕಡೆ ತಿರುಗಿದರು: "ಆದ್ರೆ ಕೊನೆ ನಾಲ್ಕು ತಿಂಗಳು ನಾನು ಅವಳ ಹತ್ರ ಕೂತಿದ್ದು ಕಮ್ಮಿ. ಪಾಳಿ ಮುಗಿಸಿ ಬಂದ್ರೆ ತೊಟ್ಟಿ ಮುಂದೆ. ಅವಳು ಒಳಗಿಂದ ಕರೀತಿದ್ಲು, 'ಬಾ, ಇಲ್ಲಿ ಬಾ' ಅಂತ. ಮಾತು ಸರಿಯಾಗಿ ಬರ್ತಿರ್ಲಿಲ್ಲ, ಆದ್ರೂ ಕರೀತಿದ್ಲು. ಬಂದೆ, ಇದೊಂದು ಹಿಂಡಿ ಬಂದೆ ಅಂತಿದ್ದೆ. ಅಷ್ಟೇ. ಹತ್ರ ಕೂರೋದೊಂದು ಇರ್ತಿತ್ತು, ಮೆಷಿನ್ ಇದ್ದಿದ್ರೆ."

ಯಾರೂ ಚಹಾ ಮುಟ್ಟಲಿಲ್ಲ.

"ಈಗ ದಿನಾ ಆ ಅಂಗಡಿ ಮುಂದೆ ಟ್ರಾಮ್ ಓಡಿಸ್ತೀನಿ," ಎಂದರು. "ಏಳು ಮೆಷಿನ್ ನಿಂತಿದ್ವು. ನಿನ್ನೆಗೆ ಆರಾಗಿವೆ. ಮುಂದೆ ಒಂದು ನರಪಿಳ್ಳೆ ಇಲ್ಲ. ಹದಿನೆಂಟು ತಿಂಗಳು ಬೆಳಿಗ್ಗೆ ಸಂಜೆ 'ಇದೀನಿ, ಇದೀನಿ' ಅಂತ ಕೂಗಿದ್ವಲ್ಲ, ಯಾರಿಗೆ ಕೂಗಿದ್ವಿ, ಬ್ರೊನ್ಯಾ ಅವ್ರೇ?"

ಬ್ರೊನ್ಯಾ ಅವರ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಏನಾದರೂ ಮಾಡಲೇಬೇಕೆನ್ನುವಂತೆ ಎದ್ದು, ಮಂಚದ ಬುಡದಲ್ಲಿದ್ದ ಚಾದರಗಳ ಕಡೆ ಬಗ್ಗಿದರು. "ಇವನ್ನಾದ್ರೂ ಒಗೆದು ತರ್ತೀನಿ, ಕೊಡಿ."

"ಮುಟ್ಟಬೇಡಿ!" ಎಂದರು ರೊಯೆಕ್. ಆ ಮನೆಯಲ್ಲಿ ಅವರು ದನಿ ಎತ್ತಿದ್ದು ಅದೊಂದೇ ಸಲ. ಕೂಡಲೇ ತಗ್ಗಿಸಿ, "ಅವು ಹಾಗೇ ಇರ್ಲಿ," ಎಂದರು.

ಹೊರಡುವಾಗ ಬಾಗಿಲಲ್ಲಿ ಅವರು ನನ್ನನ್ನು ಕೇಳಿದರು, "ಮಕ್ಕಳು ಹೇಗಿದಾರೆ?"

"ಚೆನ್ನಾಗಿದಾರೆ. ಹಲ್ಲು ಬರ್ತಿದೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನು ಹೇಳಿದೆ: "ಆವತ್ತು ನಾನು ಒಂದು ಮಾತಾಡಿದ್ರೆ ನಿಮ್ಮ ಹೆಸರು ಉಳೀತಿತ್ತು. ಬೇಕು ಅಂತಾನೇ ಆಡ್ಲಿಲ್ಲ."

"ಗೊತ್ತು," ಎಂದರು ಅವರು. "ಪರವಾಗಿಲ್ಲ ಅಂತ ಈಗ ಹೇಳೋಕಾಗಲ್ಲ ನನಗೆ."

"ಹೇಳ್ಬೇಡಿ," ಎಂದೆ.

ಬೇಸಿಗೆಯ ಹೊತ್ತಿಗೆ ಬ್ರೊನ್ಯಾ ಕೂಡ ಒಂದು ಮಡಚುವ ಮಂಚ ತಂದರು. ಪಿಂಚಣಿಯಿಂದ ತಿಂಗಳ ಅರ್ಧವೂ ದಾಟುತ್ತಿರಲಿಲ್ಲ. ತಾವೇ ಹೆಣೆದ ಕಾಲುಚೀಲ, ಕೈಗವಸು ಹರಡಿಕೊಂಡು ಔಷಧದಂಗಡಿಯ ಪಕ್ಕ ಕೂತರು. ವ್ಯಾಪಾರ ಅವರಿಗೆ ಹತ್ತಲಿಲ್ಲ. ಚೌಕಾಸಿ ಮಾಡಿದವರಿಗೆ, "ನನ್ನ ಮುಖ ನೋಡಿ ಬೆಲೆ ಇಳಿಯುತ್ತೇನಯ್ಯಾ?" ಎಂದು ಗದರುತ್ತಿದ್ದರು. ಪಕ್ಕದ ಮಂಚದವಳು ಗಿರಾಕಿಯನ್ನು ಎಳೆದುಕೊಂಡರೆ ಸುಮ್ಮನಿರುತ್ತಿದ್ದರು. ಗಿರಾಕಿಗಳಲ್ಲೇ ಯಾರಾದರೂ ಒಬ್ಬರನ್ನೊಬ್ಬರು ನೂಕಿದರೆ ಮಾತ್ರ ಎದ್ದು ನಿಲ್ಲುತ್ತಿದ್ದರು. ಒಂದು ಚಳಿಗಾಲ ಹೀಗೆ ಕಳೆಯಿತು. ಮಾತು ಬಿಟ್ಟಿದ್ದ ತಂಗಿಯ ಮಗಳು ಒಂದು ದಿನ ಬಂದು ಮೂರು ಜೊತೆ ಕಾಲುಚೀಲ ಕೊಂಡಳು. ಇಬ್ಬರೂ ಕಾಲುಚೀಲದ ಅಳತೆ ಬಿಟ್ಟು ಬೇರೇನೂ ಮಾತಾಡಲಿಲ್ಲವಂತೆ. ಅದನ್ನು ನನಗೆ ಹೇಳುವಾಗ ಬ್ರೊನ್ಯಾ ಮುಖ ಮಾತ್ರ ಬೆಳಗುತ್ತಿತ್ತು.

1991ರ ವಸಂತದಲ್ಲಿ ನಮ್ಮ ಗಿರಣಿಯ ಸರದಿ ಬಂತು. ಚಾದರವೆಲ್ಲ ಪೂರ್ವಕ್ಕೆ, ಸೋವಿಯತ್ ನಾಡಿಗೆ ಹೋಗುತ್ತಿತ್ತು. ಅಲ್ಲಿನವರು ಕೊಳ್ಳುವುದನ್ನು ನಿಲ್ಲಿಸಿದರು. ಒಂದು ಸೋಮವಾರ ಮೂರನೆಯ ವಿಭಾಗದ ಮಗ್ಗಗಳನ್ನೆಲ್ಲ ಒಟ್ಟಿಗೆ ಆರಿಸಿದರು. ಕಿವಿಗೆ ಆ ನಿಶ್ಶಬ್ದ ಹೊಸದು. ನಾವು ಇನ್ನೂರ ಹತ್ತು ಹೆಂಗಸರು, ಸದ್ದಿಲ್ಲದಿದ್ದರೂ ಅಭ್ಯಾಸಬಲದಿಂದ ಒಬ್ಬರಿಗೊಬ್ಬರು ಕಿರುಚಿಕೊಂಡೇ ಮಾತಾಡುತ್ತಿದ್ದೆವು. ಅದೇ ಗಿರಣಿಯಲ್ಲಿ ರಿಪೇರಿ ಕೆಲಸದಲ್ಲಿದ್ದ ಜೆನೊನ್‌ನನ್ನೂ ತೆಗೆದರು. ಅವನು ಹಣ್ಣು ಕೀಳುವ ಕೂಲಿಗೆಂದು ಜರ್ಮನಿಗೆ ಹೋದ. ನಾನು ಎರಡು ಮಕ್ಕಳ ಜೊತೆ ಮನೆಯಲ್ಲಿ ಕೂತೆ.

ದಾರಿ ತೋರಿಸಿದ್ದು ಬ್ರೊನ್ಯಾ. ಮೂಲೆಯಲ್ಲಿ ಹೊಸದಾಗಿ ಒಂದು ಖಾಸಗಿ ಊಟದ ಮನೆ ತೆರೆದಿತ್ತು, ಮೇಜಿಗೆಲ್ಲ ಬಿಳಿ ಬಟ್ಟೆ. ಅದರ ಯಜಮಾನನ ಹತ್ತಿರ ಆಕೆಯೇ ಮಾತಾಡಿ ಬಂದರು.

"ದಿನಾ ಮೂವತ್ತು ಮೇಜುಬಟ್ಟೆ ಇರುತ್ತಂತೆ. ಒಗೆದು ಇಸ್ತ್ರಿ ಮಾಡಿ ಕೊಡು. ಮನೇಲಿ ಮೆಷಿನ್ ಇದ್ಯಲ್ಲ."

"ಆ ಮೆಷಿನ್ನಲ್ಲೇನಾ?" ಎಂದೆ.

"ಮತ್ತೆ ಯಾವ ಮೆಷಿನ್ನಲ್ಲಿ?" ಎಂದು ಗದರಿದರು. ಆಮೇಲೆ ಅವರಿಗೂ ಅರ್ಥವಾಗಿ, ಮುಖ ತಿರುಗಿಸಿಕೊಂಡರು. "ಮಕ್ಕಳು ಉಣ್ಬೇಕಲ್ಲೇ," ಎಂದರು ಮೆಲ್ಲಗೆ.

ಹೀಗೆ ಆ ಯಂತ್ರ ನಮ್ಮನ್ನು ಸಾಕತೊಡಗಿತು. ದಿನಕ್ಕೆ ಐದು ಸುತ್ತು. ಅಂಗಳದ ತುಂಬ ಬಿಳಿ ಬಟ್ಟೆ. ಮೊದಲ ತಿಂಗಳ ಕೂಲಿ ಕೈಗೆ ಬಂದ ದಿನ, ರೊಯೆಕ್ ಅವರಿಗೆ ಇದು ಬೇರೆಯವರ ಬಾಯಿಂದ ತಿಳಿಯಬಾರದು ಎನಿಸಿತು. ಮರುದಿನ ಅವರ ಟ್ರಾಮ್ ಬರುವವರೆಗೂ ಮೂರು ಟ್ರಾಮ್ ಬಿಟ್ಟು ನಿಂತೆ. ಹತ್ತಿ, ಚಾಲಕನ ಬಾಗಿಲಿನ ಪಕ್ಕ ನಿಂತು, ಎಲ್ಲ ಹೇಳಿದೆ. ಗಿರಣಿ ಮುಚ್ಚಿದ್ದು, ಜೆನೊನ್ ಹೋದದ್ದು, ಮೇಜುಬಟ್ಟೆ, ಐದು ಸುತ್ತು. ಅವರು ಹಳಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಎರಡು ನಿಲ್ದಾಣ ಕಳೆದವು.

"ಕೆಟ್ಟುಗಿಟ್ಟು ಹೋಗಿದ್ಯಾ?" ಎಂದು ಕೇಳಿದರು.

"ಒಂದ್ಸಲ ಬೆಲ್ಟ್ ಹೋಗಿತ್ತು. ಜೆನೊನ್ ಹಾಕಿಕೊಟ್ಟು ಹೋದ."

"ಹ್ಞೂಂ." ಗಂಟೆ ಬಾರಿಸಿ ದಾರಿಗಡ್ಡ ಬಂದ ಕಾರನ್ನು ಸರಿಸಿದರು. "ಒಂದಿನ ಬಂದು ನೋಡ್ಲಾ?"

ಜೂನ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಂದರು. ಸಮವಸ್ತ್ರದಲ್ಲೇ ಇದ್ದರು, ಟೋಪಿ ಕೈಯಲ್ಲಿತ್ತು. ಮಕ್ಕಳಿಗೆ ಒಂದೊಂದು ಕಿತ್ತಳೆ ತಂದಿದ್ದರು. ಮಕ್ಕಳು ಅದನ್ನು ಚೆಂಡೆಂದುಕೊಂಡು ಉರುಳಿಸತೊಡಗಿದವು.

"ಇದೇನಾ?"

"ಇದೇ."

ಬಚ್ಚಲಮನೆ ಎಷ್ಟು ಇಕ್ಕಟ್ಟೆಂದರೆ ಯಂತ್ರದ ಮುಂದೆ ಒಂದು ಸ್ಟೂಲು ಹಾಕಿದರೆ ಮುಗಿಯಿತು. ಅವರು ಅಲ್ಲಿ ಕೂತರು. ನಾನು ಮೇಜುಬಟ್ಟೆ ತುಂಬಿ, ಪುಡಿ ಹಾಕಿ, ಗುಂಡಿ ತಿರುಗಿಸಿದೆ. ನೀರು ತುಂಬುವ ಸದ್ದು ಬಂತು. ದುಂಡು ಗಾಜಿನ ಹಿಂದೆ ಬಟ್ಟೆ ಒಂದು ಸುತ್ತು ಆ ಕಡೆ, ಒಂದು ಸುತ್ತು ಈ ಕಡೆ ಹೊರಳತೊಡಗಿತು. ನಾನು ಚಹಾ ತಂದು ಪಕ್ಕದಲ್ಲಿಟ್ಟೆ. ಅವರು ನೋಡಲಿಲ್ಲ. ಮೊಣಕಾಲ ಮೇಲೆ ಎರಡೂ ಕೈ ಊರಿ, ಗಾಜನ್ನೇ ನೋಡುತ್ತಿದ್ದರು. ನಾನು ಅಡುಗೆಮನೆಗೆ ಹೋದೆ. ಬೀಟ್‌ರೂಟ್ ಹೆಚ್ಚಿದೆ, ಮಕ್ಕಳಿಗೆ ಉಣಿಸಿದೆ. ಮತ್ತೆ ಬಂದು ನೋಡಿದರೆ ಹಾಗೇ ಕೂತಿದ್ದರು. ಒಂದು ಸಲ ಅವರ ಭುಜಗಳು ಅಲುಗಿದವು. ನಾನು ಬಾಗಿಲನ್ನು ಅರ್ಧ ಮುಂದೆ ಮಾಡಿ ಹಿಂದೆ ಸರಿದೆ.

ಒಂದು ಗಂಟೆ ಇಪ್ಪತ್ತು ನಿಮಿಷ. ಕೊನೆಯಲ್ಲಿ ಯಂತ್ರ ಜೋರಾಗಿ ಗಿರಗಿರ ತಿರುಗಿ, ನೆಲ ನಡುಗಿಸಿ, ನಿಂತಿತು.

"ಇಷ್ಟೇನಾ?" ಎಂದು ಕೇಳಿದರು.

"ಇಷ್ಟೇ."

"ಅದು ಒಗೆಯೋವಾಗ ನಾವು ಬೇರೆ ಕೆಲ್ಸ ಮಾಡ್ಕೊಂಡಿರಬಹುದು."

"ಹೌದು."

ಅವರು ಎದ್ದು, ಒದ್ದೆ ಬಟ್ಟೆಯ ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಳಕ್ಕೆ ಇಳಿದರು. ನಾನೊಂದು ತುದಿ, ಅವರೊಂದು ತುದಿ ಹಿಡಿದೆವು. ಕೊಡವುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಂದೇ ಜಾಡಿಕೆಗೆ ಬಟ್ಟೆ ಪಟ್ಟನೆ ಬಿಚ್ಚಿಕೊಂಡು ಸುಕ್ಕಿಲ್ಲದೆ ಹಗ್ಗದ ಮೇಲೆ ಬೀಳುತ್ತಿತ್ತು. ಮೇಲಿನ ಕಿಟಕಿಯಿಂದ ಬ್ರೊನ್ಯಾ ನಮ್ಮನ್ನು ನೋಡಿದರು. ಇಳಿದು ಬರಲೋ ಬೇಡವೋ ಎಂದು ಅನುಮಾನಿಸಿ, ಆಮೇಲೆ ಬಂದು ಕ್ಲಿಪ್ಪುಗಳನ್ನು ಒಂದೊಂದಾಗಿ ಎತ್ತಿಕೊಡುತ್ತಾ ನಿಂತರು. ರೊಯೆಕ್ ಕೂಡ ಅವನ್ನು ಆಕೆಯ ಕೈಯಿಂದ ತೆಗೆದುಕೊಂಡರು.

ಕ್ಷಮಿಸಿದೆ ಎಂದು ಅವರು ಆವತ್ತೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ಕೊನೆಯ ಬಟ್ಟೆ ಹಾಕಿದ ಮೇಲೆ ತಣ್ಣಗಾದ ಚಹಾವನ್ನು ನಿಂತೇ ಕುಡಿದು, ಟೋಪಿ ಹಾಕಿಕೊಂಡು, "ಎರಡು ಗಂಟೆಗೆ ಪಾಳಿ," ಎಂದು ಹೊರಟರು. ಅವರನ್ನು ಬೀದಿಯವರೆಗೂ ಬಿಟ್ಟುಬರಲು ಬ್ರೊನ್ಯಾ ಹೋದರು. ಇಬ್ಬರೂ ಹೆಬ್ಬಾಗಿಲಿನ ಕಮಾನಿನಡಿ ಏನೋ ಮಾತಾಡುತ್ತಾ ಸ್ವಲ್ಪ ಹೊತ್ತು ನಿಂತದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ. ನಾನು ಖಾಲಿ ಬುಟ್ಟಿ ಎತ್ತಿಕೊಂಡು ಮೇಲೆ ಹತ್ತಿದೆ. ಊಟದ ಮನೆಯವರು ನಾಲ್ಕು ಗಂಟೆಗೆ ಬರುವವರಿದ್ದರು, ಇನ್ನೂ ಎರಡು ಸುತ್ತು ಬಾಕಿಯಿತ್ತು.